ನಾಲ್ಕು ಮಿಲಿಗ್ರಾಂ

ಉರ್ವ, ಮಂಗಳೂರು
14 ನವೆಂಬರ್ 2024

ಪ್ರೀತಿಯ ಕೆವಿನ್,

ಹೇಗಿದ್ದೀ? ರಾತ್ರಿ ನಿದ್ದೆಯಿಲ್ಲ ಎಂದು ಮಮ್ಮಿಗೆ ಹೇಳಿದ್ದೆಯಂತೆ. ಜುಬೈಲಿನಲ್ಲಿ ಈಗ ಸೆಕೆ ಇಳಿದಿರಬೇಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ಮಮ್ಮಿ ಪರವಾಗಿಲ್ಲ. ಪಪ್ಪನ ಸ್ಕೂಟರಿಗೆ ಹಳೆಯ ಬೆಡ್‌ಶೀಟ್ ಹೊದೆಸಿದ್ದಾರೆ, ಯಾರನ್ನೂ ಮುಟ್ಟಲು ಬಿಡುವುದಿಲ್ಲ. ಫೋನಿನಲ್ಲಾದರೆ ಅವರು ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಈ ಕಾಗದವನ್ನು ರಜೆ ಮುಗಿಸಿ ಹೊರಟ ನಿನ್ನ ರೂಮಿನ ಪ್ರೇಮ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನೀನು ಕಾಯುತ್ತಿದ್ದ ಉತ್ತರ ಬಂದಿದೆ. ಪಪ್ಪನ ಮಂಡಿನೋವಿಗೆಂದು ಹನ್ನೊಂದು ತಿಂಗಳು ನೀನು ಕಳಿಸಿದ ಗಿಡಮೂಲಿಕೆಯ ಕ್ಯಾಪ್ಸೂಲಿಗೆ ಸ್ಟೀರಾಯ್ಡ್ ಬೆರೆಸಿದ್ದರು. ನಮ್ಮ ಲ್ಯಾಬಿನಲ್ಲಿ ನಾನೇ ಪರೀಕ್ಷಿಸಿದೆ. ಪುಡಿಯನ್ನು ಕರಗಿಸಿ ಕೊಳವೆಯೊಂದರಲ್ಲಿ ಹಾಯಿಸಿದರೆ ಅದರೊಳಗಿನ ಅಣುಗಳು ಒಂದರ ಹಿಂದೊಂದು ಹೊರಬರುತ್ತವೆ. ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳ ತೂಕ ನೋಡುತ್ತದೆ. ನಾವು ಹೇಳಿದ ತೂಕದ್ದು ಬಂದಾಗ ಮಾತ್ರ ವಾಲ್ವ್ ತಿರುಗಿ ಹನಿಗಳು ಟ್ಯೂಬಿಗೆ ಬೀಳುತ್ತವೆ. ಮಿಕ್ಕದ್ದೆಲ್ಲ ವೇಸ್ಟ್ ಕ್ಯಾನಿಗೆ. ಒಂದೇ ತೂಕದ ಎರಡು ಸ್ಟೀರಾಯ್ಡ್‌ಗಳಿರುವುದರಿಂದ ತೂಕವೊಂದನ್ನೇ ನಂಬುವಂತಿರಲಿಲ್ಲ. ಹಲವು ಸಲ ಹಾಯಿಸಿ, ಹಿಡಿದದ್ದನ್ನು ಒಣಗಿಸಿ, ತಳದಲ್ಲಿ ಉಳಿದ ನಾಲ್ಕು ಮಿಲಿಗ್ರಾಂ ಬಿಳಿ ಪುಡಿಯನ್ನು ಇನ್ನೊಂದು ಪರೀಕ್ಷೆಗೆ ಕೊಟ್ಟೆ. ಅದು ಡೆಕ್ಸಾಮೆಥಸೋನ್. ಸಂಶಯವಿಲ್ಲ.

ಪಪ್ಪನ ಮುಖ ದುಂಡಗಾದಾಗ ಆರೋಗ್ಯ ಕೂಡಿಬಂತೆಂದು ನಾವು ಖುಷಿಪಟ್ಟಿದ್ದೆವು. ಅದು ಸ್ಟೀರಾಯ್ಡಿನ ಊತ. ಕ್ಯಾಪ್ಸೂಲಿನ ಮೇಲೆ ನನಗೆ ಸಂಶಯ ಎಂದಾಗ ಅವರು ನಕ್ಕರು: “ಎಂತ ಮಾರಾಯ್ತಿ, ಮಂಡಿನೋವು ನನಗಾ, ನಿನ್ನ ಮಿಷನಿಗಾ?”

ಪಪ್ಪನ ಅಂತ್ಯಕ್ರಿಯೆಯ ದಿನ ನೀನು ಫೋನಿನಲ್ಲಿ, “ನಾನೇ ಕೊಂದದ್ದು, ಇನ್ನು ಎಂತ ಮುಖ ಹೊತ್ತು ಬರುವುದು?” ಎಂದೆ. ಈಗ ಅವರ ತಿಂಗಳ ಪೂಜೆಗೆ ತೆಗೆದ ಟಿಕೆಟನ್ನೂ ರದ್ದು ಮಾಡಿದ್ದೀ. ಬೆರೆಸಿದವರು ಬೇರೆ, ಕೆವಿನ್. ನೀನು ನಂಬಿ ಕಳಿಸಿದೆ, ಅಷ್ಟೆ. ಇಪ್ಪತ್ತನಾಲ್ಕಕ್ಕೆ ಪೂಜೆ, ಮಮ್ಮಿ ನಿನ್ನ ಕೋಣೆ ಗುಡಿಸಿಟ್ಟಿದ್ದಾರೆ.

ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ಮೆಲಿಸಾ

ಮರೆತಿದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಪ್ರೇಮ್ ಗೇಟಿನ ಹತ್ತಿರ ಬಂದಿದ್ದಾನೆ. “ಇವತ್ತಿನಿಂದ ಒಂದೂ ನುಂಗಬೇಡಿ” ಎಂದು ಪಪ್ಪನಿಗೆ ಹೇಳಿ, ಇಡೀ ಬಾಟಲಿಯನ್ನು ಲ್ಯಾಬಿಗೆ ಒಯ್ದವಳು ನಾನು. ಅಷ್ಟು ತಿಂಗಳು ತಿಂದ ಸ್ಟೀರಾಯ್ಡನ್ನು ಮೆಲ್ಲಮೆಲ್ಲನೆ ಇಳಿಸಬೇಕಿತ್ತು, ಒಮ್ಮೆಲೇ ನಿಲ್ಲಿಸಿದ್ದರಿಂದಲೇ ಬಿಪಿ ಕುಸಿಯಿತು ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ನನಗೊಬ್ಬಳಿಗೇ ಹೇಳಿದರು. ಮಮ್ಮಿಗೆ ಗೊತ್ತಿಲ್ಲ. ಮೂರನೇ ದಿನ ಪಪ್ಪ ಕೇಳಿದ್ದರು: “ಒಂದಾದರೂ ಕೊಡು ಮಗಾ, ಏಳ್ಲಿಕ್ಕೆ ಆಗುವುದಿಲ್ಲ.” ನಾನು ಕೊಡಲಿಲ್ಲ. ಬಾಟಲಿಯಲ್ಲಿ ಅರವತ್ತೆರಡು ಇದ್ದವು. ಪರೀಕ್ಷೆಗೆ ಬೇಕಾದದ್ದು ಹನ್ನೆರಡು. ಉಳಿದ ಐವತ್ತು ಲ್ಯಾಬಿನ ಫ್ರಿಜ್ಜಿನಲ್ಲಿ ಹಾಗೆಯೇ ಇವೆ.