ಗೋಡೆಯಿಂದ ನೆಲಕ್ಕಿಳಿದ ಕಲ್ಲು

ಗದಗ ಮೇಲೂರು,
ಹದಿಮೂರನೆಯ ತಿಂಗಳು, ಮೂವತ್ತನಾಲ್ಕನೆಯ ದಿನ.
ನಿಮ್ಮ ಎಣಿಕೆಯಲ್ಲಿ ಕ್ರಿಸ್ತಶಕ 2391 ಇರಬಹುದು.

ಹಿರಿಯರಿಗೆ, ನೀವು ಎಂದೂ ಮುಖ ನೋಡದ ಮೊಮ್ಮಗಳೊಬ್ಬಳ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬ ಮಾತನ್ನು ನಾನು ಇಲ್ಲಿಯವರೆಗೆ ಬರವಣಿಗೆಯ ಅಲಂಕಾರ ಎಂದುಕೊಂಡಿದ್ದೆ. ಎಂಟು ಅಂಗಗಳು ನಿಜವಾಗಿಯೂ ನೆಲಕ್ಕೆ ತಾಗಬೇಕು ಎಂದು ತಿಳಿದದ್ದು ಹೋದ ತಿಂಗಳು. ಹಾಗೆ ಮಾಡಲು ಹೋಗಿ ಗದ್ದ ತರಚಿಕೊಂಡಿದ್ದೇನೆ.

ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಬೇಕು. ನಿಮ್ಮ ಕಾಲದ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ನಿಮ್ಮ ಹಾಗೆ ಬರೆಯಲು ಹೆಣಗುತ್ತಿದ್ದೇನೆ. ನಮ್ಮಲ್ಲಿ ಹಿಂದಂಚೆ ಎಂಬ ಏರ್ಪಾಡಿದೆ. ಒಬ್ಬೊಬ್ಬರಿಗೆ ಜೀವಮಾನದಲ್ಲಿ ಒಂದೇ ಸಲ, ಹಿಂದಿನ ಕಾಲಕ್ಕೆ ಒಂದು ಪತ್ರ ಕಳಿಸಲು ಅಪ್ಪಣೆ. ಅದು ಯಾವ ವರ್ಷದಲ್ಲಿ ಯಾರ ಕೈಗೆ ಬೀಳುತ್ತದೆ ಎಂಬುದು ಕಳಿಸಿದವರಿಗೆ ತಿಳಿಯುವುದಿಲ್ಲ. ಹೆಚ್ಚಿನವರು ಅದನ್ನು ಪೂರ್ವಜರನ್ನು ಬೈಯಲು ಬಳಸುತ್ತಾರೆ. ನಾನೂ ಬೈಯಬೇಕೆಂದೇ ಅರವತ್ತೊಂದು ವರ್ಷ ಕಾದಿಟ್ಟುಕೊಂಡಿದ್ದೆ. ಈಗ ಬೈಯುವ ಸ್ಥಿತಿಯಲ್ಲಿಲ್ಲ. ನಲವತ್ತು ದಿನಗಳ ಹಿಂದೆ ಕಂಡದ್ದರಿಂದ ನನ್ನ ಕೈ ಇನ್ನೂ ನಡುಗುತ್ತಿದೆ. ನಡುಗುತ್ತಿದೆ ಎಂದು ನನಗೇ ಗೊತ್ತಾಗುತ್ತಿರುವುದು ಅದಕ್ಕಿಂತ ದೊಡ್ಡ ಆಘಾತ.

ನಾನು ಇಲ್ಲಿನ ಮೈಮನೆಯ ಹಿರಿಯ ತೊಡಿಸುಗಾತಿ. ಮೈಮನೆ ಎಂದರೆ ಊರಿನವರೆಲ್ಲ ಬೆಳಗ್ಗೆ ಬಂದು ಮೈಯನ್ನು ದುಡಿಸಲು ಒಪ್ಪಿಸುವ ಜಾಗ. ನಮ್ಮ ಮೈಮೇಲೆ ನಡೆಯಂಗಿ ಇರುತ್ತದೆ, ಕುತ್ತಿಗೆಯಿಂದ ಕಾಲ್ಬೆರಳವರೆಗೆ ಅಂಟಿಕೊಳ್ಳುವ ಬಟ್ಟೆ. ಅದೇ ಕೈ ಎತ್ತುತ್ತದೆ, ಅದೇ ಮಂಡಿ ಮಡಿಸುತ್ತದೆ, ಓಡಿಸುತ್ತದೆ, ಬಗ್ಗಿಸುತ್ತದೆ, ಬೆವರನ್ನೂ ಅದೇ ಕುಡಿಯುತ್ತದೆ. ಆ ಎರಡು ತಾಸು ಒಳಗಿರುವವರು ಕಣ್ಣಿಗೆ ಪರದೆ ಕಟ್ಟಿಕೊಂಡು ಕತೆ ನೋಡುತ್ತಾರೆ, ಕಚೇರಿ ಕೆಲಸ ಮುಗಿಸುತ್ತಾರೆ, ಹಿಂದಿನ ದಿನದ ಜಗಳ ಮುಂದುವರಿಸುತ್ತಾರೆ. ಸಾಲಾಗಿ ನಾನೂರು ಜನ ಬಸ್ಕಿ ಹೊಡೆಯುತ್ತಿರುತ್ತಾರೆ, ತಾವು ಬಸ್ಕಿ ಹೊಡೆಯುತ್ತಿದ್ದೇವೆ ಎಂಬ ಅರಿವು ಒಬ್ಬರಿಗೂ ಇರುವುದಿಲ್ಲ. ಉಳಿದ ಹೊತ್ತಿನಲ್ಲೂ ಎಲ್ಲಿಗೆ ಹೋಗಬೇಕೆಂದು ನೆನೆದರೆ ಸಾಕು, ಅಂಗಿಯೇ ನಡೆಸಿಕೊಂಡು ಹೋಗುತ್ತದೆ. ನಿಮ್ಮ ಕಾಲದವರು ಕೂತು ಕೂತು ಸೊಂಟ ಹಿಡಿಸಿಕೊಂಡಾಗ ಮುದುಕರಿಗೆಂದು ಹೊಲಿದ ಅಂಗಿ ಇದು ಎನ್ನುತ್ತಾರೆ. ಒಳ್ಳೆಯದು ಎಲ್ಲರಿಗೂ ಇರಲಿ ಎಂದು ಎಲ್ಲರಿಗೂ ಬಂತು. ಆರೋಗ್ಯದಲ್ಲಿ ನಮಗೆ ಏನೂ ಕೊರತೆಯಿಲ್ಲ. ಅರವತ್ತೊಂದರಲ್ಲಿ ನಾನು ಎರಡು ಜೋಳದ ಚೀಲ ಎತ್ತಬಲ್ಲೆ, ಅಂದರೆ ಅಂಗಿ ಎತ್ತಬಲ್ಲದು.

ಏಳು ವರ್ಷ ತುಂಬಿದ ಮಕ್ಕಳಿಗೆ ವರ್ಷಕ್ಕೊಮ್ಮೆ ತೊಡಿಸುವ ಹಬ್ಬ. ಮೊದಲ ಅಂಗಿ ಹಾಕಿ, ಹೆಡಕಿಗೆ, ಅಂದರೆ ಕತ್ತಿನ ಹಿಂಭಾಗಕ್ಕೆ, ಶಾಂತಿಮುದ್ರೆ ಎಂಬ ಜೋಳದ ಕಾಳಿನಷ್ಟು ಗುಂಡಿಯೊಂದನ್ನು ಒತ್ತುತ್ತೇವೆ. ಅಲ್ಲಿಂದ ಮುಂದೆ ಕೆಳಗಿನ ಸುದ್ದಿ ಮೇಲಕ್ಕೆ ಬರುವುದಿಲ್ಲ. ನೋವಿಲ್ಲ, ಆಯಾಸವಿಲ್ಲ, ಸೆಕೆಯಿಲ್ಲ. ಹಸಿವಾದರೆ ಮಣಿಕಟ್ಟಿನ ಮೇಲೆ ಹಸಿರು ದೀಪ ಹೊತ್ತುತ್ತದೆ. ಏಳು ತುಂಬುವ ತನಕ ಮಕ್ಕಳು ಹೊರಗೆ ಹೋಗುವಾಗ ಕೂಸುಗಾಡಿಯಲ್ಲೇ ಇರಬೇಕು, ಬಿದ್ದಾರು ಎಂದು. ಸಾವಿರಕ್ಕೂ ಮಿಕ್ಕ ಮಕ್ಕಳಿಗೆ ನಾನು ಈ ಕೈಯಿಂದ ಮುದ್ರೆ ಒತ್ತಿದ್ದೇನೆ. ಗುಂಡಿ ಚುಚ್ಚಿದಾಗ ಅತ್ತ ಮಗು ಮುದ್ರೆ ಕೂತ ಕೂಡಲೇ ಸುಮ್ಮನಾಗುವುದನ್ನು ನೋಡಿ ನನ್ನ ಕೈಗುಣ ಎಂದು ಬೀಗುತ್ತಿದ್ದೆ.

ಇನ್ನು ಕಲ್ಲಿನ ಮಾತು. ಮೈಮನೆಯ ಈಗಿನ ಹೊಸ ಕಟ್ಟಡದ ಪಾಯ ತೋಡುವಾಗ ಒಂದು ಹಾಸುಗಲ್ಲು ಸಿಕ್ಕಿತ್ತು. ಅದರ ಮೇಲೆ ಎಂಟು ಚೌಕಗಳು, ತುದಿಯಲ್ಲಿ ಒಂದು ಅರ್ಧಚಂದ್ರ. ಪಂಡಿತರು ಅದು ಪ್ರಾಚೀನರ ಮನೆಯ ನಕ್ಷೆ ಎಂದು ತೀರ್ಮಾನಿಸಿದರು. ಅದನ್ನು ಗೋಡೆಗೆ ಕೂರಿಸಿ, ವಿವರಿಸುವ ಹೊಣೆಯನ್ನು ನನಗೆ ಕೊಟ್ಟರು. ಇಪ್ಪತ್ತೆರಡು ವರ್ಷ ನಾನು ಬಂದವರಿಗೆಲ್ಲ ಬೆರಳು ಮಾಡಿ ತೋರಿಸಿದೆ. ಇದು ಪಡಸಾಲೆ, ಇದು ಅಡುಗೆಮನೆ, ಮೇಲಿನ ಅರ್ಧಚಂದ್ರ ದೇವರಕೋಣೆ. ಬಚ್ಚಲು ಎಲ್ಲಿ ಎಂದು ಯಾರಾದರೂ ಕೇಳಿದರೆ ಕೆಮ್ಮುತ್ತಿದ್ದೆ. ಹಬ್ಬದ ದಿನ ಮಕ್ಕಳು ಆ ಕಲ್ಲಿಗೆ ಹಣೆ ತಾಗಿಸಿಯೇ ಅಂಗಿಯ ಬಳಿಗೆ ಬರಬೇಕು ಎಂಬ ಪದ್ಧತಿಯನ್ನು ಹಾಕಿದವಳೂ ನಾನೇ.

ನಲವತ್ತು ದಿನಗಳ ಹಿಂದೆ ಗೋಡೆಗೆ ಸುಣ್ಣ ಬಳಿಯಲೆಂದು ಕಲ್ಲನ್ನು ಇಳಿಸಿ ನೆಲಕ್ಕೆ ಹಾಕಿದ್ದರು. ಅಂದು ನನ್ನ ಮಗಳು ಪ್ರಭಾವತಿ ತನ್ನ ಹುಡುಗಿ ಭಾಗಿಯನ್ನು ನನ್ನ ಬಳಿ ಬಿಟ್ಟು ಹೋಗಿದ್ದಳು. ಭಾಗಿಗೆ ಈ ಹಬ್ಬಕ್ಕೆ ಏಳು ತುಂಬುತ್ತದೆ. ನಾನು ಅತ್ತ ತಿರುಗಿದ್ದೆ, ಅವಳು ಗಾಡಿಯ ಪಟ್ಟಿ ಬಿಚ್ಚಿಕೊಂಡು ಇಳಿದಿದ್ದಳು. ಟಪ್ ಎಂಬ ಸದ್ದು ಕೇಳಿ ತಿರುಗಿ ನೋಡಿದರೆ ಮಗು ಕಲ್ಲಿನ ಮೇಲೆ ಒಂದೇ ಕಾಲಿನ ಮೇಲೆ ನಿಂತಿತ್ತು. ಇನ್ನೊಂದು ಕಾಲು ಗಾಳಿಯಲ್ಲಿತ್ತು. ಅಂಗಿಯಿಲ್ಲದ ಮಗು, ಹಿಡಿಯುವವರಿಲ್ಲ. ಅದು ಮತ್ತೆ ನೆಗೆದು ಮುಂದಿನ ಚೌಕದಲ್ಲಿ ಅದೇ ಕಾಲಿನ ಮೇಲೆ ಇಳಿಯಿತು. ಮೂರ್ಛೆರೋಗ ಎಂದುಕೊಂಡು ನಾನು ಕೂಗಿಕೊಂಡೆ. ಭಾಗಿ ಎಂಟನೆಯ ಚೌಕದಲ್ಲಿ ನಿಂತು ತಿರುಗಿ, ಕೆಂಪಾದ ಮುಖದಲ್ಲಿ ಹೇಳಿದಳು, "ಅಜ್ಜಿ, ಕಾಲೊಳಗ ಯಾರೋ ನಗಾಕತ್ತಾರ."

ನಾನು ಬಗ್ಗಿ ಕಲ್ಲನ್ನು ನೋಡಿದೆ. ಇಪ್ಪತ್ತೆರಡು ವರ್ಷ ಎದುರಿಗಿದ್ದದ್ದು ಆಗ ಕಂಡಿತು. ಪ್ರತಿ ಚೌಕದ ನಡುಭಾಗ ಸವೆದು ನುಣುಪಾಗಿತ್ತು, ಒಂದು ಮಗುವಿನ ಪಾದದಷ್ಟು. ಅಂಚುಗಳು ಮಾತ್ರ ಒರಟಾಗಿಯೇ ಇದ್ದವು. ನಾನು ಅದನ್ನು ಕಾಲದ ಹೊಡೆತ ಎಂದು ವಿವರಿಸುತ್ತಿದ್ದೆ. ಕಾಲ ಅಷ್ಟು ಅಚ್ಚುಕಟ್ಟಾಗಿ ಹೊಡೆಯುತ್ತದೆಯೇ ಎಂದು ಒಮ್ಮೆಯೂ ಯೋಚಿಸಲಿಲ್ಲ. ಹಳೆಯ ನಿಘಂಟುಗಳನ್ನೆಲ್ಲ ಜಾಲಾಡಿ ಕೊನೆಗೆ ಕುಂಟುವ ಹೆಸರೊಂದನ್ನು ಹಿಡಿದೆ, ಕುಂಟೆಬಿಲ್ಲೆ. ಅದಕ್ಕೆ ನಿಘಂಟಿನವರು ಕೊಟ್ಟ ಅರ್ಥ "ಮಕ್ಕಳ ಒಂದು ಆಟ" ಎಂದಷ್ಟೇ. ಇಷ್ಟು ಬರೆದು ಕೈ ತೊಳೆದುಕೊಂಡ ಮಹಾನುಭಾವರು ಯಾರೋ ನನಗೆ ಗೊತ್ತಿಲ್ಲ, ಬೈಯಬೇಕಾದವರಿದ್ದರೆ ಅವರೊಬ್ಬರೇ.

ಮುದ್ರೆಯನ್ನು ಹತ್ತು ವರ್ಷಕ್ಕೊಮ್ಮೆ ತೆಗೆದು ಹೊಸದನ್ನು ಒತ್ತಬೇಕು. ನನ್ನದು ಬದಲಿಸುವ ಕಾಲ ಬಂದಿತ್ತು, ಸಲಕರಣೆ ನನ್ನ ಕೈಯಲ್ಲೇ ಇತ್ತು. ಮರುದಿನ ಬಾಗಿಲು ಹಾಕಿಕೊಂಡು ಹಳೆಯದನ್ನು ತೆಗೆದೆ, ಹೊಸದನ್ನು ಒತ್ತಲಿಲ್ಲ. ಅಂಗಿಯನ್ನು ಬಿಚ್ಚಿಟ್ಟೆ. ಕಣ್ಣು ಮುಚ್ಚಿದೆ, ನನಗೆ ಕಾಲುಗಳೇ ಇರಲಿಲ್ಲ. ಕಣ್ಣು ತೆರೆದರೆ ಇದ್ದವು, ಬೇರೆ ಯಾರದೋ ಕಾಲುಗಳಂತೆ. ಮೂವತ್ತೇಳು ವರ್ಷ ಊರಿನ ಮೈ ಕಾಯ್ದ ಹೆಂಗಸು ಒಂದು ಹೆಜ್ಜೆ ಇಟ್ಟು ಸಪಾಟು ನೆಲದ ಮೇಲೆ ಬಿದ್ದಳು. ಕುಣಿಯಲಾರದವಳಿಗೆ ನೆಲ ಡೊಂಕಾದರೂ ಇತ್ತು, ನನಗೆ ಹಾಗೆ ಹೇಳಿಕೊಳ್ಳಲೂ ಬಾಯಿ ಬರಲಿಲ್ಲ. ಆಮೇಲೆ ಮೊಣಕೈ ಉರಿಯತೊಡಗಿತು. ನಾನು ಆ ಉರಿಯನ್ನು ಎತ್ತಿ ಎತ್ತಿ ನೋಡುತ್ತ ಅಳುತ್ತ ಕೂತೆ. ಸಂತೋಷವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ದಿನಾ ಒಂದು ತಾಸು ಹಾಗೆ ಕಳೆದೆ. ಮೊದಲು ತೆವಳಿದೆ, ಆಮೇಲೆ ಗೋಡೆ ಹಿಡಿದು ನಿಂತೆ, ಕುಕ್ಕರಗಾಲಿನಲ್ಲಿ ಕೂತು ಎದ್ದೆ. ಭಾಗಿಯೇ ಗುರು. ಉಸಿರು ಬಿಗಿಹಿಡಿದರೆ ಬೀಳುತ್ತೇನೆ, ಬಿಟ್ಟರೆ ನಿಲ್ಲುತ್ತೇನೆ ಎಂದು ಅವಳನ್ನು ನೋಡಿ ಕಲಿತೆ. ಒಂದು ದಿನ ಮೈಮನೆಯ ಮುಖ್ಯಸ್ಥರು ಬಾಗಿಲು ಬಡಿದು, ಒಳಗೆ ಯಾರೂ ಇಲ್ಲವೆಂದುಕೊಂಡು ಹೋದರು. ಬಡಿದ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು. ಕೈಕಾಲು ತಣ್ಣಗಾದವು. ಜಂಘಾಬಲ ಉಡುಗಿಹೋಯಿತು. ಹಿರಿಯರೇ, ಈ ಮಾತುಗಳನ್ನೆಲ್ಲ ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕವಿಗಳು ಸುಮ್ಮನೆ ಹೊಸೆದದ್ದು ಎಂದು ನಮ್ಮ ಮಾಸ್ತರರು ಹೇಳಿದ್ದರು. ಹೊಸೆದದ್ದಲ್ಲ, ನೀವು ಆದದ್ದನ್ನು ಆದಂತೆ ಬರೆದಿದ್ದಿರಿ. ಭಯಕ್ಕೆ ಹೊಟ್ಟೆಯಲ್ಲಿ ಜಾಗವಿದೆ, ದುಃಖಕ್ಕೆ ಗಂಟಲಲ್ಲಿ, ಮಗುವನ್ನು ಕಂಡರೆ ಕರುಳು ನಿಜವಾಗಿ ಚುರ್ ಎನ್ನುತ್ತದೆ. ಅರವತ್ತೊಂದು ವರ್ಷ ನಾನು ದುಃಖಪಟ್ಟಿದ್ದೇನೆ, ಪ್ರೀತಿಸಿದ್ದೇನೆ ಎಂದುಕೊಂಡಿದ್ದೆ. ನನ್ನ ಗಂಡ ತೀರಿಕೊಂಡಾಗ ಮಣಿಕಟ್ಟಿನ ಮೇಲೆ ನೀಲಿ ದೀಪ ಹೊತ್ತಿತ್ತು, ಅದನ್ನು ನೋಡಿ ನನಗೆ ದುಃಖವಾಗಿದೆ ಎಂದು ತಿಳಿದಿದ್ದೆ. ಹನ್ನೊಂದು ವರ್ಷದ ಆ ಅಳು ಹೋದ ವಾರ ಬಂತು.

ಆದರೆ ನನಗೆ ಮರಳಿದ್ದು ಅರ್ಧ ಮಾತ್ರ. ಎಡಗಾಲು ಮಂಡಿಯಿಂದ ಕೆಳಗೆ ಇನ್ನೂ ಸುಮ್ಮನಿದೆ, ಇನ್ನು ಮಾತಾಡುವುದಿಲ್ಲ ಎಂದು ನನಗೆ ಅನಿಸಿಬಿಟ್ಟಿದೆ. ಮುದ್ರೆ ಒಮ್ಮೆ ಒಳಗಿಳಿದರೆ ಹೋದದ್ದು ಪೂರ್ತಿ ಬರುವುದಿಲ್ಲ. ನಾಳೆ ತೊಡಿಸುವ ಹಬ್ಬ. ಮೂವತ್ತೊಂದು ಮಕ್ಕಳು, ಹದಿನೇಳನೆಯ ಹೆಸರು ಭಾಗಿಯದು, ಮುದ್ರೆ ಒತ್ತಬೇಕಾದ ಕೈ ನನ್ನದು. ಪ್ರಭಾವತಿಯ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಬೇಡಿಕೊಂಡೆ. ಅವಳು ಕೆಟ್ಟವಳಲ್ಲ, ಹೆದರಿದವಳು. "ಅವ್ವಾ, ಹುಡುಗಿ ಬಿದ್ದು ಏನರ ಆದ್ರ ನೀ ಜವಾಬ್ದಾರಿ ತಗೋತಿ ಏನು? ಎಲ್ಲಾರ ಮಕ್ಕಳಿಗೂ ನೀನ ಹಾಕಿ, ನನ್ನ ಮಗಳಿಗಷ್ಟ ಬ್ಯಾಡ ಅಂತಿ" ಎಂದಳು. ಆ ಸಾವಿರ ಮಕ್ಕಳ ಮುಖ ಒಟ್ಟಿಗೆ ಕಣ್ಣ ಮುಂದೆ ಬಂತು.

ನಾನು ಒತ್ತಲಾರೆ ಎಂದರೆ ಇನ್ನೊಬ್ಬಳನ್ನು ಕರೆಸುತ್ತಾರೆ. ಹಾಗಾಗಿ ನಾನೇ ನಿಲ್ಲುತ್ತೇನೆ. ನಡೆಯಂಗಿಗೆ ಒಂದು ದೌರ್ಬಲ್ಯವಿದೆ. ಮೊದಲ ಸಲ ಅಳತೆ ಹಿಡಿಯುವಾಗ ಮೈ ಅಲುಗಾಡಬಾರದು, ಎದೆಬಡಿತ ಏರಿರಬಾರದು. ಏರಿದ್ದರೆ ಅಂಗಿ ಒಪ್ಪುವುದಿಲ್ಲ, ಅದೇ ದಿನ ಇನ್ನೊಮ್ಮೆ ಅಳೆಯುವಂತಿಲ್ಲ, ಆ ಮಗುವನ್ನು ಮುಂದಿನ ವರ್ಷಕ್ಕೆ ಬಿಡಬೇಕು, ಇದು ನಿಯಮ. ಕೂಸುಗಾಡಿಯಲ್ಲಿ ಬರುವ ಮಕ್ಕಳ ಎದೆಬಡಿತ ಏರುವುದೆಲ್ಲಿಂದ, ಅದಕ್ಕೇ ಈ ನಿಯಮ ಯಾರಿಗೂ ನೆನಪಿಲ್ಲ. ಸುಣ್ಣ ಒಣಗಿದ್ದರೂ ಕಲ್ಲನ್ನು ಗೋಡೆಗೆ ಏರಿಸಲು ನಾನು ಬಿಟ್ಟಿಲ್ಲ. ಅದು ಅಂಗಿಯ ಕೋಣೆಯ ಬಾಗಿಲಲ್ಲೇ ನೆಲದ ಮೇಲಿದೆ. ನಾಳೆ ಇಡೀ ಊರಿನ ಎದುರು ನಿಂತು ಹೇಳುತ್ತೇನೆ: ಹೊಸ ಸಂಶೋಧನೆಯಾಗಿದೆ, ಪೂರ್ವಜರು ಈ ಕಲ್ಲಿಗೆ ಹಣೆ ತಾಗಿಸುತ್ತಿರಲಿಲ್ಲ, ಒಂಟಿಕಾಲಿನಲ್ಲಿ ಇದನ್ನು ದಾಟಿಯೇ ಒಳಗೆ ಬರುತ್ತಿದ್ದರು, ಗೆರೆ ತುಳಿದರೆ ಮತ್ತೆ ಮೊದಲಿನಿಂದ. ಇಪ್ಪತ್ತೆರಡು ವರ್ಷ ನನ್ನ ಸುಳ್ಳನ್ನು ನಂಬಿದವರು ನಾಳೆ ನಿಜವನ್ನೂ ನಂಬುತ್ತಾರೆ. ಮೊದಲು ಭಾಗಿ ದಾಟಿ ತೋರಿಸುತ್ತಾಳೆ. ಅವಳ ಹಿಂದೆ ಮೂವತ್ತು ಮಕ್ಕಳು ಬೀಳುತ್ತ, ಏಳುತ್ತ, ಏದುಸಿರು ಬಿಡುತ್ತ ಬರುತ್ತಾರೆ. ಒಂದು ಅಂಗಿಯೂ ಅಳತೆ ಹಿಡಿಯಲಾರದು. ಒಂದು ವರ್ಷ ಸಿಗುತ್ತದೆ. ಒಂದು ವರ್ಷ ಕಾಲಿನೊಳಗೆ ನಗು ಕೇಳಿದ ಮಕ್ಕಳ ಹೆಡಕಿಗೆ ಮುದ್ರೆ ಒತ್ತುವುದು ಸುಲಭವಲ್ಲ. ಉಪಾಯ ಫಲಿಸದಿದ್ದರೆ ಏನು ಎಂದು ಕೇಳಬೇಡಿ, ಅದನ್ನು ನೆನೆದರೆ ಬರೆಯಲು ಕೈ ಏಳುವುದಿಲ್ಲ.

ಈಗ ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಮಕ್ಕಳು ಈ ಆಟಕ್ಕೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಗೆರೆ ಎಳೆಯುತ್ತಾರೆ ಎಂದು ಊಹಿಸುತ್ತೇನೆ. ಅದು ಒಂದು ಮಳೆಗೆ ಅಳಿಸಿಹೋಗುತ್ತದೆ. ನಮ್ಮ ಕಲ್ಲಿನ ಗೆರೆ ಹಾಗಲ್ಲ, ಉಳಿ ಹಿಡಿದು ಅರ್ಧ ಬೆರಳು ಆಳ ಕೆತ್ತಿದ್ದು. ಒಂದು ಆಟಕ್ಕಾಗಿ ಇಷ್ಟು ಶ್ರಮ ಯಾರು ಪಟ್ಟರು, ಏಕೆ ಪಟ್ಟರು ಎಂದು ನಲವತ್ತು ದಿನ ತಲೆ ಕೆಡಿಸಿಕೊಂಡೆ. ನಿನ್ನೆ ಸಂಜೆ, ಹಬ್ಬಕ್ಕೆಂದು ತೊಳೆಯಲು ನಾಲ್ವರು ಸೇರಿ ಕಲ್ಲನ್ನು ಮಗುಚಿದರು. ಗೋಡೆಗೆ ಅಂಟಿದ್ದ ಅದರ ಬೆನ್ನನ್ನು ನಾನು ಎಂದೂ ನೋಡಿರಲಿಲ್ಲ. ಗಾರೆ ಉದುರಿದ ಮೇಲೆ ಅಲ್ಲಿ ಎರಡು ಅಕ್ಷರ ಕಂಡವು. ನಾನು ಬಗ್ಗಿ ಅವನ್ನು ಬೆರಳಿನಿಂದ ತಡವಿ ತಡವಿ ಓದಿದೆ.

ಈ ಪತ್ರ ಸಿಕ್ಕಿದವರು ನೀವು ಯಾರೇ ಆಗಿರಿ, ಗದಗಿನ ಕಡೆಯ ಗಟ್ಟಿ ಹಾಸುಗಲ್ಲೊಂದನ್ನು ಹುಡುಕಿ. ಎಂಟು ಚೌಕ, ತುದಿಗೆ ಅರ್ಧಚಂದ್ರ, ಚೌಕ ಮಗುವಿನ ಪಾದಕ್ಕೆ ಸರಿಹೋಗುವಷ್ಟು. ಕೆತ್ತಿದ ಮೇಲೆ ನಿಮ್ಮ ಮಕ್ಕಳನ್ನು ಅದರ ಮೇಲೆ ಆಡಲು ಬಿಡಿ, ನಡುಭಾಗ ಚೆನ್ನಾಗಿ ಸವೆಯಬೇಕು. ಬೆನ್ನಿಗೆ ಭಾಗಿ ಎಂದು ಬರೆಯುವುದನ್ನು ಮರೆಯಬೇಡಿ. ನೀವು ಈಗಾಗಲೇ ಬರೆದಿದ್ದೀರಿ, ನಾನು ಓದಿದ್ದೇನೆ.

ನಿಮ್ಮ ಮುಂದಿನವಳು,
ನೀಲಗಂಗಾ ಹೊಂಬಳ