ಹತ್ತು ನಿಮಿಷ ಮುಂದಿದ್ದ ಗಡಿಯಾರ

ಬ್ಲೂ ಜಗ್ ಪಬ್, ಬರ್ಸ್ಲೆಮ್
೨೧ ಫೆಬ್ರುವರಿ ೨೦೧೯, ಗುರುವಾರ

ಕೌಂಟರಿಗೆ ಒರಗಿ ನಿಂತ ಮಹನೀಯರೇ, ಒಳಕೋಣೆಯಲ್ಲಿ ಕಿವಿ ನೆಟ್ಟು ಕೂತ ಮಹಿಳೆಯರೇ, ಬೆಂಚಿನ ಕೆಳಗೆ ಮಲಗಿದ ನಾಯಿಯೇ! ಹೀಗೆ ಶುರುವಾಗುವ ಭಾಷಣವೊಂದನ್ನು ಬರೆದಿಟ್ಟುಕೊಂಡಿದ್ದೆ. ಅದನ್ನು ಕೇಳುವ ಭಾಗ್ಯ ನಗರಸಭೆಗೆ ಬರಲಿಲ್ಲ. ಇನ್ನು ಉಳಿದವಳು ನೀನೊಬ್ಬಳೇ.

ಪ್ರೀತಿಯ ಬೆವ್ ಅಕ್ಕಾ,

ಮಂಡಿ ಹೇಗಿದೆ? ಡಾಕ್ಟರು ಬೇಡವೆಂದ ಮೆಟ್ಟಿಲನ್ನೇ ನೀನು ಹತ್ತುತ್ತಿರುತ್ತೀ, ಗೊತ್ತು. ನ್ಯೂಜಿಲೆಂಡಿನ ಬಿಸಿಲು ಅದಕ್ಕೆ ಒಳ್ಳೆಯದಾಗಲಿ. ನಾನು ಆರೋಗ್ಯವಾಗಿದ್ದೇನೆ, ಕೂತಲ್ಲಿ ಕೂರಲಾಗುತ್ತಿಲ್ಲ ಅಷ್ಟೆ. ಇಷ್ಟು ಬರೆಯುವುದರೊಳಗೆ ಮೂರು ಸಲ ನೆಲಮಾಳಿಗೆಗೆ ಇಳಿದು ಬಂದೆ. ಪೀಪಾಯಿಗಳು ಇಟ್ಟಲ್ಲೇ ಇವೆ.

ನೀನಿದ್ದ ಕಾಲ ಬೇರೆ. ಪಿಂಗಾಣಿ ಕಾರ್ಖಾನೆಯ ಸೀಟಿ ಊದುವ ಮೊದಲೇ ಅಪ್ಪ ನಲವತ್ತು ಲೋಟ ತುಂಬಿ ಸಾಲಾಗಿಡುತ್ತಿದ್ದ. ಆವಿಗೆಯಲ್ಲಿ ಬೆಂದ ಗಂಡಸರು ಮಾತಿಲ್ಲದೆ ಮೊದಲನೆಯದನ್ನು ಮುಗಿಸುತ್ತಿದ್ದರು. ಆಮೇಲೆ ಆವಿಗೆ ಆರಿತು, ಕುಡಿತ ಜಾರಿತು. ಕಾನೂನು ಬಂದು ಸಿಗರೇಟು ಬೀದಿಗೆ ಬಿತ್ತು, ಡಾಮಿನೋ ಆಟ ಮೂಲೆಗೆ ಬಿತ್ತು. ಈಚೆಗೆ ಗಡ್ಡದ ಹುಡುಗರು ಬಂದು ಗೋಡೆಯ ಹಳೇ ಪಿಂಗಾಣಿ ಬಿಲ್ಲೆಗಳ ಫೋಟೋ ಹೊಡೆದು, ಇಬ್ಬರಿಗೊಂದು ಅರ್ಧ ಲೋಟ ಹೀರಿ, ಆಹಾ ಏನು ಜಾಗ ಎಂದು ಹೋಗುತ್ತಾರೆ. ಅಪ್ಪನ ನಂತರ ಹತ್ತೊಂಬತ್ತು ವರ್ಷ ಈ ಕೌಂಟರಿನ ಹಿಂದೆ ನಿಂತು, ಈಗ ಈ ಆಹಾ ಕೇಳುತ್ತಿದ್ದೇನೆ.

ಈಗ ವಿಷಯ. ಕಟ್ಟಡದ ಮಾಲೀಕರು ಪಬ್ ಮುಚ್ಚಿ ಫ್ಲಾಟು ಕಟ್ಟಲು ಅರ್ಜಿ ಹಾಕಿದ್ದರು. ಮಂಗಳವಾರ ಎರಡು ಗಂಟೆಗೆ ನಗರಸಭೆಯಲ್ಲಿ ವಿಚಾರಣೆ, ನಮ್ಮ ಆಕ್ಷೇಪಣೆಯೇ ಮೊದಲು. ಮುದುಕ ನಾರ್ಮನ್ ಬ್ರಿಂಡ್ಲಿ ಮನೆಮನೆ ತಿರುಗಿ ಮುನ್ನೂರು ಸಹಿ ತಂದಿದ್ದ. ಹೆಂಡತಿ ಹೋದ ಮೇಲೆ ಅವನು ದಿನಕ್ಕೆ ನಾಲ್ಕು ಮಾತಾಡುವುದಿದ್ದರೆ ಇಲ್ಲೇ. ಭಾಷಣ ನನ್ನದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ವಿಚಾರಣೆ ನಡೆಯುವ ಪುರಭವನಕ್ಕೆ ಹತ್ತು ನಿಮಿಷದ ನಡಿಗೆ. ಧೈರ್ಯಕ್ಕೆಂದು ಒಂದೊಂದು ಲೋಟ ಹಿಡಿದು ಕೂತೆವು.

ನಮ್ಮ ಗೋಡೆ ಗಡಿಯಾರ ನಿನಗೆ ಗೊತ್ತಲ್ಲ. ಮುಚ್ಚುವ ಹೊತ್ತಿಗೆ ಜನ ಲೋಟ ಖಾಲಿ ಮಾಡಲೆಂದು ಅಪ್ಪ ಅದನ್ನು ಹತ್ತು ನಿಮಿಷ ಮುಂದಿಟ್ಟಿದ್ದ. ಇಲ್ಲಿ ಕುಡಿಯಲು ಕಲಿತವನು ಹತ್ತು ಕಳೆಯಲೂ ಕಲಿತ. ಗಡಿಯಾರ ಎರಡಕ್ಕೆ ಹತ್ತು ನಿಮಿಷ ಬಾಕಿ ಎಂದು ತೋರಿಸಿದಾಗ ಒಳಕೋಣೆಯಲ್ಲಿ ಕೂರುವ ಐಲೀನ್ ಕೋಟಿಗೆ ಕೈ ಹಾಕಿದಳು. ನಾರ್ಮನ್ ಬಿಡಲಿಲ್ಲ.

"ಕೂತ್ಕೊಳ್ಳಮ್ಮಾ, ಇನ್ನೂ ಇಪ್ಪತ್ ನಿಮಿಷ ಇದೆ. ಅದು ಯಾವತ್ತು ನಿಜ ಹೇಳಿದೆ?"

ನಾವು ಪುರಭವನದ ಮೆಟ್ಟಿಲು ಹತ್ತಿದಾಗ ಎರಡು ಗಂಟೆ ಹತ್ತು ನಿಮಿಷ. ನಮ್ಮ ಹೆಸರು ಕೂಗಿ, ಯಾರೂ ಏಳದಿದ್ದುದಕ್ಕೆ ಅರ್ಜಿ ಮಂಜೂರು ಮಾಡಿ, ಮುಂದಿನ ಬೀದಿಯ ಚರಂಡಿಯ ವಿಷಯಕ್ಕೆ ಹೋಗಿಬಿಟ್ಟಿದ್ದರು. ಪಬ್ಬಿಗೆ ಮರಳಿ ನೋಡಿದರೆ ಗಡಿಯಾರ ಸರಿಯಾದ ಸಮಯಕ್ಕೆ ತಿರುಗಿತ್ತು. ಹೋದ ವಾರ ವೈರಿಂಗ್ ನೋಡಲು ಬಂದವನ ಕೆಲಸ ಇರಬೇಕು ಎಂದೆ. ಎಲ್ಲರೂ ಅವನಿಗೆ ಹಿಡಿಶಾಪ ಹಾಕಿದರು.

"ಅರವತ್ತು ವರ್ಷ ಸುಳ್ಳು ಹೇಳ್ಕೊಂಡು ಬಂದಿದ್ದು, ಇವತ್ತೇ ಸತ್ಯ ಹೇಳ್ಬೇಕಿತ್ತಾ?" ಎಂದಳು ಐಲೀನ್.

ನಾರ್ಮನ್ ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟ. "ನಮ್ದು ಬಿಡು, ಎಲ್ಲಾದ್ರೂ ಕೂರ್ತೀವಿ. ನಿನ್ ಹೊಟ್ಟೆ ಮೇಲೆ ಹೊಡೆದ್ರಲ್ಲ ಮಗಾ." ನಿನ್ನೆ ಬಂದು ತಪ್ಪೆಲ್ಲ ತನ್ನದೇ ಎಂದು ಕಣ್ಣೊರೆಸಿಕೊಂಡ. ನಾನು ಮತ್ತೆ ನೆಲಮಾಳಿಗೆಗೆ ಹೋದೆ.

ಭಾವನಿಗೆ ನಮಸ್ಕಾರ ಹೇಳು, ಮಕ್ಕಳ ತಲೆ ಸವರು. ಮಂಡಿಗೆ ಎಣ್ಣೆ, ರೊಟ್ಟಿಗೆ ಬೆಣ್ಣೆ, ಎರಡೂ ಇರಲಿ.

ನಿನ್ನ ತಮ್ಮ,
ಕೀತ್

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು. ವೈರಿಂಗಿನವನು ಯಾರೂ ಬಂದಿರಲಿಲ್ಲ ಅಕ್ಕಾ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ಸ್ಟೂಲು ಹತ್ತಿ ಮುಳ್ಳು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದವನು ನಾನೇ. ನಾರ್ಮನ್, ಐಲೀನ್ ಎಲ್ಲ ಗೆದ್ದಿದ್ದರೆ ನಾನು ಇನ್ನೂ ಈ ಕೌಂಟರಿನ ಹಿಂದೆಯೇ ಇರಬೇಕಾಗುತ್ತಿತ್ತು.