ಊರಮ್ಮನ ಟಗರಿಗೆ ಕುಚ್ಚು ಕಟ್ಟಿದವನಿಗೆ

ಈ ಕಾಗದ ಒಡೆದು ಓದ್ತಾ ಇರೋರು ಯಾರೇ ಆಗಿರ್ರಿ, ಇದು ನಿಮಗೆ ಬರೆದದ್ದಲ್ಲ. ಶೆಡ್ಡಿನಾಗೆ ಮೇವು ಹಾಕೋರೋ, ಫೋಟೋ ತೆಗೆಯೋರೋ, ಚಾ ಕುಡಿಯಾಕೆ ಬಂದು ಕೂತೋರೋ, ಮಂದಿ ಮನೆ ಕಾಗದಕ್ಕೆ ಮೂಗು ತೂರಿಸೋ ಬುದ್ಧಿ ನಿಮಗೆ ಯಾರು ಕಲಿಸಿದ್ರು? ಮಡಚಿ ನಿಮ್ಮ ಧಣಿ ಕೈಗೆ ಕೊಡ್ರಿ. ಅವನು ಮೊಬೈಲ್ ಒಳಗೆ ಮುಖ ಇಟ್ಕೊಂಡಿದ್ರೆ ತಲೆ ಎತ್ತೋವರೆಗೂ ನಿಂತಿರ್ರಿ. ಆಮೇಲೆ ಅವನೇ ಗಟ್ಟಿಯಾಗಿ ಓದಿದ್ರೆ ಕೇಳ್ರಿ, ನನ್ನ ಅಡ್ಡಿ ಇಲ್ಲ. ಆದರೆ ಅವನು ಗಟ್ಟಿಯಾಗಿ ಓದಲ್ಲ ಬಿಡ್ರಿ.

ಚನ್ನಗಿರಿ ಫಾರಂ ಯಜಮಾನನಿಗೆ ಜಗಳೂರು ಸೀಮೆ ಹಟ್ಟಿಯಿಂದ ಅವನ ಅಜ್ಜಿ ಗಾದ್ರಮ್ಮ ಬರೆಯೋದು ಏನಂದರೆ,

ನಾನು ಚೆನ್ನಾಗಿದೀನಿ. ನೀನು ಚೆನ್ನಾಗಿರೋದನ್ನ ವಿಡಿಯೋದಾಗೆ ನೋಡಿದೆ, ನಿನ್ನ ತಂಗಿ ಚೈತ್ರಾ ತೋರಿಸಿದಳು. ಕಪ್ಪು ಕನ್ನಡಕ, ಹೆಗಲ ಮೇಲೆ ಕರಿ ಕಂಬಳಿ. ಆ ಕಂಬಳಿ ಹೊದ್ದು ಒಂದು ಮಳೆಗೂ ಕೂತವನಲ್ಲ ನೀನು, ಅದನ್ನ ಯಾರಿಗೆ ತೋರಿಸ್ತೀಯೋ? ಫೋನ್ ಮಾಡಿದ್ರೆ "ಕಟ್ ಆಗ್ತೈತೆ ಅಜ್ಜಿ" ಅಂತ ಹೇಳಿ ನೀನೇ ಕಟ್ ಮಾಡ್ತೀಯ. ಅದಕ್ಕೇ ಮೂರನೇ ಕ್ಲಾಸಿನ ಅಕ್ಷರದಾಗೆ ಬರೀತಿದೀನಿ. ಕಾಗದ ಕಟ್ ಆಗಲ್ಲ.

ನಿನ್ನ ಹೆಸರು ಯಾಕೆ ಬರೆದಿಲ್ಲ ಅಂತ ನಿನಗೆ ಗೊತ್ತು. ಅದು ನಿನ್ನ ತಾತನ ಹೆಸರು. ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ ನಾನು. ನಿನಗೂ ಅದನ್ನೇ ಇಟ್ಟಾಗ, ತೊಟ್ಟಿಲಿನಾಗಿದ್ದ ನಿನ್ನನ್ನೂ ಯಜಮಾನ ಅಂತಲೇ ಕರೆದೆ. ನೀನು ಅದನ್ನ ನಿಜ ಅಂದ್ಕೊಂಡು ಬೆಳೆದೆ. ಈಗ ಆ ಹೆಸರು ಚನ್ನಗಿರಿ ರಸ್ತೆ ಮೇಲೆ ಬೋರ್ಡಾಗಿ ನಿಂತೈತಂತೆ. ಕೆಳಗೆ "ಎಲ್ಲಾ ಹಬ್ಬಗಳಿಗೂ ಟಗರು, ಹೋತ ದೊರೆಯುತ್ತವೆ" ಅಂತ ಬರೆಸಿದೀಯಂತೆ. ಎಲ್ಲಾ ಹಬ್ಬಕ್ಕೂ! ನಿನಗೆ ಒಂದು ಹಬ್ಬದ ಮರ್ಯಾದೆ ಗೊತ್ತಿದ್ದಿದ್ರೆ ಸಾಕಾಗಿತ್ತು.

ನಮ್ಮ ಮನೇಲಿ ವರ್ಷಕ್ಕೊಂದು ಗಂಡುಮರಿ ಊರಮ್ಮನಿಗೆ ಮೀಸಲು. ಅದು ಹುಟ್ಟಿದ ಮೂರನೇ ದಿನ ಹಣೆಗೆ ಅರಿಶಿನ ಹಚ್ಚಿ, ಎಡಗಿವಿ ತುದೀಲಿ ಚೂರು ಕತ್ತರಿಸ್ತೀನಿ. ಆಮೇಲೆ ಅದನ್ನ ಯಾರೂ ಕೇಳಲ್ಲ, ಯಾರೂ ಕೊಡಲ್ಲ. ಬೇರೆಯವರ ಹೊಲಕ್ಕೆ ನುಗ್ಗಿದ್ರೂ ಕೋಲು ಎತ್ತಲ್ಲ. ಇದು ನಿನಗೆ ಗೊತ್ತಿಲ್ಲ ಅನ್ನಬೇಡ. ಈ ಸಲದ ಮರಿ ಕಿವಿ ಕತ್ತರಿಸುವಾಗ ಅದರ ಕಾಲು ಹಿಡ್ಕೊಂಡಿದ್ದೋನು ನೀನೇ.

ಬಕ್ರೀದ್ ಮುಂದೆ ಗಾಡಿ ತಂದು ಟಗರು ತುಂಬಿಸ್ಕೊಂಡು ಹೋದೆ. ನಾನು ಹೊಲದಿಂದ ಬಂದು ಕುರಿ ರೊಪ್ಪ ನೋಡಿದ್ರೆ ಊರಮ್ಮನ ಟಗರು ಇಲ್ಲ. ಕೇಳಿದ್ರೆ ಏನಂದೆ? "ಗುಂಪಿನ ಜೊತೆ ತಪ್ಪಿ ಹತ್ತಿಬಿಟ್ಟೈತೆ ಅಜ್ಜಿ, ನನ್ನ ಶೆಡ್ಡಿನಾಗೆ ಮೇಯ್ತೈತೆ, ಊರಮ್ಮನ ಹಬ್ಬಕ್ಕೆ ತಂದು ಬಿಡ್ತೀನಿ." ನಾನು ನಂಬಿದೆ. ಉಪ್ಪು ನೆಕ್ಕಿಸಿ, ಹೊಟ್ಟೆ ಬಿರಿಯೋ ಹಂಗೆ ನೀರು ಕುಡಿಸಿ, ತೂಕ ಏರಿಸಿ ನ್ಯಾಮತಿ ಸಂತೆಗೆ ಹೊಡೀತೀಯ ಅಂತ ಮಂದಿ ಹೇಳಿದಾಗಲೂ ನಂಬಿರಲಿಲ್ಲ. ನನ್ನ ಮೊಮ್ಮಗ ಸೋಮಾರಿ, ಕಳ್ಳ ಅಲ್ಲ ಅಂದಿದ್ದೆ. ಆ ಮಾತು ಈಗ ವಾಪಸ್ ತಗೊಂಡೆ. ನೀನು ಸೋಮಾರಿ ಅಲ್ಲ. ದುಡಿದಿದೀಯ.

ಬಕ್ರೀದಿಗೆ ಇನ್ನು ಎರಡು ದಿನ ಐತೆ ಅನ್ನುವಾಗ ಹಟ್ಟಿ ಮುಂದೆ ಲಗೇಜ್ ಆಟೋ ಬಂದು ನಿಂತ್ಕೊಂತು. ಇಳಿದೋನು ಹೊನ್ನಾಳಿ ಗಾದಿ ಹೊಲಿಯೋ ಜಮಾಲ್. ಹಿಂದೆ ನಮ್ಮ ಟಗರು. ಜಮಾಲ್ ಯಾರು ಅಂತ ನಿನ್ನ ವಿಡಿಯೋ ನೋಡೋರಿಗೆ ಗೊತ್ತಿರಲ್ಲ, ನಿನಗೆ ಗೊತ್ತಿರಬೇಕಿತ್ತು. ಭತ್ತ ಕೊಯ್ದ ಮೇಲೆ ನಿನ್ನ ತಾತ ಹೊನ್ನಾಳಿ ಗದ್ದೆಗಳಾಗೆ ಗೊಬ್ಬರಕ್ಕೆ ಕುರಿ ಮಂದೆ ಹಾಕಾಕೆ ಹೋಗ್ತಿದ್ದ ಕಾಲದಿಂದ ನಮಗೂ ಆ ಮನೆಗೂ ಬಳಕೆ. ಜಮಾಲನ ಹೆಂಡ್ತಿ ಮಜೀದಾ ನಮ್ಮ ಬಿಂದಿಗೆಗೆ ನೀರು ತುಂಬಿಸಿ ಕಳಿಸ್ತಿದ್ದಳು. ಆವತ್ತಿನಿಂದ ಬಕ್ರೀದಿಗೆ ಅವರ ಟಗರು ನಮ್ಮ ರೊಪ್ಪದ್ದೇ. ತಾನೇ ಬಂದು, ಹಲ್ಲು ನೋಡಿ, ಕೊಂಬು ಸವರಿ, ಕಿವಿ ಕತ್ತರಿಸಿದ್ದನ್ನ ಬಿಟ್ಟು, ಬೇರೆಯದನ್ನ ಹಿಡೀತಿದ್ದ. ಈ ಸಲ ನೀನು ದೊಡ್ಡ ಮನುಷ್ಯ, "ಬರೋದು ಬೇಡ ಚಾಚಾ, ಬಾಗಿಲಿಗೇ ತಂದುಕೊಡ್ತೀವಿ" ಅಂದೆ. ತಲೆ ಮೇಲೆ ಬಣ್ಣದ ಕುಚ್ಚು, ಕಿವಿ ಮುಚ್ಚೋ ಹಂಗೆ ಜರಿ ಹೂವು, ಮದುವೆ ಗಂಡಿನ ಹಂಗೆ ಸಿಂಗಾರ ಮಾಡಿ ಇಳಿಸಿ ಹೋದೆ. ಮಜೀದಾ ಮೈ ತೊಳೆಸಾಕೆ ಅಂತ ಕುಚ್ಚು ಬಿಚ್ಚಿದಳು. ಅಲ್ಲಿ ಎಡಗಿವಿ ತುದೀಲಿ ನನ್ನ ಕೈ ಗುರುತು ಕೂತಿತ್ತು.

ಜಮಾಲ್ ಬೈಯಲಿಲ್ಲ. ಬೈದಿದ್ರೆ ನಾನೂ ಜೊತೆಗೆ ಬೈದು ಹಗುರಾಗ್ತಿದ್ದೆ. "ಅಕ್ಕಾ, ಕಿವಿ ಚೂರು ಹರಿದಿದ್ರೆ ನಮಗೆ ನಡೀತೈತೆ. ಆದರೆ ಇದು ನೀವು ಇನ್ನೊಬ್ಬರಿಗೆ ಕೊಟ್ಟ ಮಾತು. ಅದನ್ನ ನಾನು ಹೆಂಗೆ ಅಲ್ಲಾನ ಮುಂದೆ ನಿಲ್ಲಿಸ್ಲಿ?" ಅಂದ. ಆಮೇಲೆ ಇನ್ನೂ ಒಂದು ಅಂದ: "ಹುಡುಗನಿಗೆ ಗೊತ್ತಿರಲಿಲ್ಲ ಅನ್ಸುತ್ತೆ, ಬಿಡ್ರಿ." ಆಟೋದಾಗೆ ಮೈಯೆಲ್ಲಾ ಧೂಳು ಮಾಡ್ಕೊಂಡು ಬಂದು, ನಿನ್ನ ಪರವಾಗಿ ಸುಳ್ಳು ಹೇಳ್ತಾನಲ್ಲೋ ಪುಣ್ಯಾತ್ಮ! ನಾನು ಹೂಂ ಅನ್ನಲಿಲ್ಲ. ಅವನಿಗೆ ಗೊತ್ತಿತ್ತು ಅಂತ ಹೇಳಿದೆ. ಕಾಲು ಹಿಡಿದವನೇ ಅವನು ಅಂತಲೂ ಹೇಳಿದೆ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ ಬರೀತೀನಿ, ಕೂತ್ಕೊಂಡು ಓದು. ರೊಪ್ಪದಾಗೆ ಉಳಿದಿದ್ದು ಬರೀ ಹೆಣ್ಣು ಕುರಿ, ಮತ್ತೆ ನಿನ್ನ ಸುಲ್ತಾನ. ಅದೇ, ಬೋರ್ಡಿನ ಮೇಲೆ ಚಿತ್ರ ಬರೆಸಿದೀಯಲ್ಲ, "ಎಷ್ಟು ಕೊಟ್ಟರೂ ಮಾರಲ್ಲ ಫ್ರೆಂಡ್ಸ್" ಅಂತ ವಿಡಿಯೋದಾಗೆ ತಬ್ಬಿಕೊಂಡು ಕುಣೀತೀಯಲ್ಲ, ಆ ಟಗರು. ಮೇಯಿಸೋದು ನಾನು, ಕುಣಿಯೋದು ನೀನು. ಅದರ ಹಗ್ಗ ಬಿಚ್ಚಿ ಜಮಾಲನ ಕೈಗೆ ಕೊಟ್ಟೆ. ಬೇಡ ಬೇಡ ಅಂದ. "ನಿಮ್ಮ ಹಬ್ಬಕ್ಕೆ ಟಗರಿಲ್ಲದಂಗೆ ಮಾಡಿ ನಾನು ಯಾವ ಮುಖ ಹೊತ್ಕೊಂಡು ಊರಮ್ಮನ ಮುಂದೆ ನಿಲ್ಲಲಿ? ಹಲ್ಲು ನೋಡ್ಕೊ" ಅಂದೆ. ನೋಡಿದ. ಎರಡು ಹಲ್ಲು ಬಂದಿದ್ವು, ಕೊಂಬು ಗಟ್ಟಿ, ಕಿವಿ ಸರಿ. "ಮೊಮ್ಮಗನ ಹಲ್ಲೂ ಹಿಂಗೇ ನೋಡಿ ವ್ಯಾಪಾರ ಮಾಡಬೇಕಿತ್ತು ಕಣಪ್ಪ" ಅಂದಿದ್ದಕ್ಕೆ ಆಗ ನಕ್ಕ. ಚೈತ್ರಾ ಅತ್ತಳು, ಸುಲ್ತಾನನಿಗೆ. ನಾನು ಅಳಲಿಲ್ಲ. ಹಬ್ಬದ ಮರುದಿನ ಮಜೀದಾ ಫೋನ್ ಮಾಡಿ, ಹಬ್ಬ ಚೆನ್ನಾಗಾಯ್ತು ಅಂದಳು. ನಿನ್ನ ಬೋರ್ಡಿನ ಟಗರು ಕೊನೆಗೂ ಒಂದು ಹಬ್ಬಕ್ಕೆ ದೊರೆಯಿತು.

ಅಮ್ಮನ ಟಗರು ಗೂಟದಾಗೈತೆ. ಮೂರು ದಿನ ಸರಿಯಾಗಿ ಮೇವು ಮುಟ್ಟಲಿಲ್ಲ, ಯಾವ ಉಪ್ಪು ನೆಕ್ಕಿಸಿದ್ದೆಯೋ. ಈಗ ಹುರುಳಿ ತಿಂತೈತೆ. ಬರೋ ತಿಂಗಳು ಊರಮ್ಮನ ಹಬ್ಬ. ಅದರ ಹಗ್ಗ ಹಿಡಿದು ಮುಂದೆ ನಡೆಯೋದು ತಾತನ ಹೆಸರು ಹೊತ್ತವನ ಪಾಲು. ಹೋದ ವರ್ಷ ನೀನೇ ಹಿಡಿದಿದ್ದೆ, ಒಂದು ಕೈಯಾಗೆ ಹಗ್ಗ, ಒಂದು ಕೈಯಾಗೆ ಮೊಬೈಲ್. ಈ ವರ್ಷ ಹಿಡೀಬೇಕು ಅಂದ್ರೆ ಮೊದಲು ಹೊನ್ನಾಳಿಗೆ ಹೋಗು. ಜಮಾಲನ ಬಾಗಿಲಾಗೆ ನಿಂತು "ಗೊತ್ತಿದ್ದೇ ಮಾಡಿದೆ" ಅಂತ ಹೇಳು. ತಪ್ಪಾಯ್ತು ಅನ್ನೋದು ಆಮೇಲೆ. ಮೊದಲು ಗೊತ್ತಿತ್ತು ಅನ್ನು. ಜೊತೆಗೆ ಹುಡುಗರನ್ನ ಕರ್ಕೊಂಡು ಹೋಗಬೇಡ, ವಿಡಿಯೋ ಮಾಡಬೇಡ, ಗಾಡಿಯಾಗೆ ಕುಚ್ಚು ಹಾಕಿದ ಯಾವ ಪ್ರಾಣೀನೂ ಒಯ್ಯಬೇಡ. ಮಜೀದಾ ಚಾ ಕೊಟ್ಟರೆ ಕುಡಿ. ಕೊಡದಿದ್ರೆ ಸುಮ್ನೆ ಎದ್ದು ಬಾ.

ಹೋಗದಿದ್ರೆ ಹಗ್ಗ ಚೈತ್ರಾ ಹಿಡೀತಾಳೆ. ಹೆಣ್ಣು ಹಿಡಿಯೋದುಂಟಾ ಅಂತ ಹಟ್ಟಿ ಮಂದಿ ಕೇಳಿದ್ರು. ಗಂಡು ಹಿಡಿದು ಏನು ಮಾಡಿದ ಅಂತ ಹೇಳಿದೆ. ಇನ್ನೊಂದು. ನಾನು ಬಸ್ ಹತ್ತಿ ಚನ್ನಗಿರಿಗೆ ಬರ್ತೀನಿ. ನಿನ್ನ ಬೋರ್ಡಿನ ಕೆಳಗೆ ನಿಂತು, ಇಷ್ಟು ವರ್ಷ ಬಾಯಿಗೆ ತರದ ಆ ಹೆಸರನ್ನ ರಸ್ತೆ ಮಂದಿಗೆಲ್ಲಾ ಕೇಳೋ ಹಂಗೆ ಗಟ್ಟಿಯಾಗಿ ಕೂಗಿ, ಇದು ನನ್ನ ಗಂಡನದ್ದು, ಇಳಿಸ್ರಿ ಅಂತ ಹೇಳಿ ಇಳಿಸ್ಕೊಂಡು ಹೋಗ್ತೀನಿ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಹೊಟ್ಟೆ ತಣ್ಣಗಿರಲಿ, ಮುಖಕ್ಕೆ ನಾಚಿಕೆ ಬರಲಿ, ಊರಮ್ಮ ಕಾಯಲಿ.

ಇಂತಿ, ನಿನ್ನ ಕೈಲಿ ಮೋಸ ಹೋದ ಅಜ್ಜಿ
ಗಾದ್ರಮ್ಮ

ಮುಂದಿನ ತಿಂಗಳು ಹುಟ್ಟೋದರೊಳಗೆ ಉತ್ತರ ಬರೆ. ಫೋನಿನಾಗಲ್ಲ, ಕಾಗದದಾಗೆ, ನಿನ್ನ ಕೈಯಾರೆ. ಕೆಳಗೆ ಹೆಸರು ಹಾಕೋ ಮುಂದೆ, ಅದು ಯಾರದ್ದು ಅಂತ ಒಂದು ಸಲ ನೆನಸ್ಕೊ.